ಟಿ. ರೆಕ್ಸ್‌ನ ಮೋಟುಗೈಗೆ ಏನು ಕೆಲಸ?

ಅಂಗೈ ಕೆಳಮುಖ ಮಾಡಿ, ಬೆರಳು ಮಡಚಿ, ಪಂಜ ಬೀಸುತ್ತಾ ಹೆಜ್ಜೆ ಹಾಕುವ ಹುಲಿವೇಷವನ್ನು ಅಷ್ಟಮಿಗೆ ಉಡುಪಿಯಲ್ಲಿ, ನವರಾತ್ರಿಗೆ ಮಂಗಳೂರಿನಲ್ಲಿ ನೋಡದವರಿಲ್ಲ. ವಿಜ್ಞಾನ ಮೇಳಕ್ಕೆ ಟಿ. ರೆಕ್ಸ್ ಡೈನೋಸಾರ್‌ನ ಮಾದರಿ ಮಾಡುವ ಮಕ್ಕಳು ಅದರ ಕೈಗೂ ಇದೇ ಭಂಗಿ ಕೊಡುತ್ತಾರೆ. ಹುಲಿಗೆ ಇದು ಸರಿ, ಟಿ. ರೆಕ್ಸ್‌ಗೆ ಅಲ್ಲ. ಅದರ ಮುಂಗೈ ಹಾಗೆ ಹೊರಳುತ್ತಲೇ ಇರಲಿಲ್ಲ. ಚಪ್ಪಾಳೆ ತಟ್ಟುವ ಮುಂಚೆ ನಮ್ಮ ಅಂಗೈಗಳು ಎದುರುಬದುರು ಇರುತ್ತವಲ್ಲ, ಹಾಗೆ ಇದ್ದವು. ಕೈಯ ಕೆಲಸ ಏನು ಅನ್ನುವ ಚರ್ಚೆ ಇಲ್ಲಿಂದಲೇ ಶುರುವಾಗಬೇಕು.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಕೋಳಿ ಅಂಗಡಿಯಲ್ಲಿ ತುದಿ ಕತ್ತರಿಸದ ಇಡೀ ರೆಕ್ಕೆ ಕೇಳಿ ತನ್ನಿ. ನಮಗೆ ಬೇಕಾದ್ದು ಆ ತುದಿಯೇ. ಹಸಿಯಾಗಿರುವಾಗಲೇ ಮಣಿಕಟ್ಟನ್ನು ಆಡಿಸಿ. ಅದು ಪಕ್ಕಕ್ಕೆ ಮಡಚುತ್ತದೆ, ನಮ್ಮ ಅಂಗೈಯಂತೆ ಮೇಲೆ ಕೆಳಗೆ ಹೊರಳುವುದಿಲ್ಲ. ಆಮೇಲೆ ಬರೀ ನೀರಿನಲ್ಲಿ ಸಣ್ಣ ಉರಿಯಲ್ಲಿ ಮಾಂಸ ಬಿಡುವವರೆಗೆ ಬೇಯಿಸಿ. ಕುಕ್ಕರ್ ಬೇಡ. ಬ್ರಾಯ್ಲರ್ ಕೋಳಿಯದು ಎಳೆ ಮೂಳೆ, ಕೀಲಿನ ತುದಿಗಳು ಕರಗಿ ಬೆರಳಿನ ಚೂರುಗಳು ಮಾಂಸದ ಜೊತೆ ಹೋಗಿಬಿಡುತ್ತವೆ. ನಾಟಿ ಕೋಳಿಯಾದರೆ ಇನ್ನೂ ಒಳ್ಳೆಯದು. ಬಿಡಿಸಿ ನೋಡಿದರೆ ತೋಳಿಗೆ ಒಂದು ಮೂಳೆ, ಮುಂಗೈಗೆ ಎರಡು, ತುದಿಯಲ್ಲಿ ಮೂರು ಬೆರಳ ಗುರುತು: ಬೇರೆಯಾಗಿ ನಿಂತ ಪುಟ್ಟದು, ನಡುವಿನ ದೊಡ್ಡದು, ಅದರ ಬದಿಗೆ ಅಂಟಿದ ಮತ್ತೊಂದು ಚೂರು. ಹಕ್ಕಿಗಳೂ ಟಿ. ರೆಕ್ಸೂ ಒಂದೇ ಬಳಗದವು, ಎರಡು ಕಾಲಲ್ಲಿ ನಡೆಯುವ ಥೆರೋಪಾಡ್ ಡೈನೋಸಾರ್‌ಗಳ ಬಳಗ. ಟಿ. ರೆಕ್ಸ್‌ನಲ್ಲಿ ಎರಡು ಬೆರಳು ಉಳಿದವು. ಮೂರನೆಯದಕ್ಕೆ ಅಂಗೈಯೊಳಗೆ ಕಡ್ಡಿಯಂಥ ಒಂದು ಮೂಳೆ ಮಾತ್ರ.

ಇದು ಗೊತ್ತಾಗಲು ಬಹಳ ಕಾಲ ಹಿಡಿಯಿತು. 1905ರಲ್ಲಿ ಈ ಪ್ರಾಣಿಗೆ ಹೆಸರಿಟ್ಟ ಹೆನ್ರಿ ಫೇರ್‌ಫೀಲ್ಡ್ ಆಸ್ಬಾರ್ನ್ ಕೈಯಲ್ಲಿದ್ದದ್ದು ತೋಳಿನ ಮೂಳೆ ಮಾತ್ರ. 1915ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂನಲ್ಲಿ ನಿಲ್ಲಿಸಿದ ಅಸ್ಥಿಪಂಜರಕ್ಕೆ ಮೂರು ಬೆರಳು ಜೋಡಿಸಿದ್ದರು. ಇಡೀ ಕೈ ಸಿಕ್ಕಿದ್ದು 1988ರಲ್ಲಿ ಮೊಂಟಾನಾದಲ್ಲಿ ಪತ್ತೆಯಾದ ಅಸ್ಥಿಪಂಜರದಲ್ಲಿ.

ಈಗ ಅಳತೆ. ಮೈ ಸುಮಾರು 12 ಮೀಟರ್, ತಲೆಬುರುಡೆ 1.4 ಮೀಟರ್ ಆಸುಪಾಸು, ಕೈ ಸುಮಾರು 1 ಮೀಟರ್. ಮಾದರಿ ಮಾಡುವವರು ಹತ್ತರಲ್ಲೊಂದು ಪಾಲು ಹಿಡಿದರೆ ಮೈ 120 ಸೆಂ.ಮೀ., ತಲೆ 14, ಕೈ 10. ಕೈ ಬಾಯಿಗೆ ಮುಟ್ಟಬಾರದು. ಮುಟ್ಟಿದರೆ ಕುತ್ತಿಗೆ ಗಿಡ್ಡವಾಗಿದೆ ಅಥವಾ ಕೈ ಉದ್ದವಾಗಿದೆ ಎಂದು ತಿಳಿಯಿರಿ.

ಗಿಡ್ಡ ಅಂದಮಾತ್ರಕ್ಕೆ ನಿಶ್ಶಕ್ತ ಅಲ್ಲ. ಕೆನೆತ್ ಕಾರ್ಪೆಂಟರ್ ಮತ್ತು ಮ್ಯಾಟ್ ಸ್ಮಿತ್ 2001ರಲ್ಲಿ ಹಾಕಿದ ಲೆಕ್ಕದಂತೆ ತೋಳಿನ ಬೈಸೆಪ್ಸ್ ಒಂದೇ ಸುಮಾರು 200 ಕಿಲೋ ಎತ್ತಬಲ್ಲದು. ಮೂಳೆಯ ಗೋಡೆಯೂ ದಪ್ಪ. ಆದರೆ ಚಲನೆ ಬಹಳ ಕಡಿಮೆ: ಭುಜದಲ್ಲಿ ಸುಮಾರು 40 ಡಿಗ್ರಿ, ಮೊಣಕೈಯಲ್ಲಿ 45. ನಮ್ಮ ಮೊಣಕೈ 165 ಡಿಗ್ರಿಯಷ್ಟು ಆಡುತ್ತದೆ. ಬಲ ಹೆಚ್ಚು, ಆಟ ಕಡಿಮೆ. ಇಕ್ಕಳದ ಗುಣವೂ ಇದೇ ಅಲ್ಲವೇ? ಬಾಯಿಯಲ್ಲಿ ಕಚ್ಚಿಕೊಂಡ ಬೇಟೆ ಒದ್ದಾಡುವಾಗ ಎದೆಗೆ ಅವುಚಿ ಹಿಡಿಯಲು ಅದು ಸಾಕು, ಇದು ಅವರ ವಾದ. ನನಗೂ ಇದೇ ಹೆಚ್ಚು ಒಪ್ಪಿಗೆಯಾಗುವುದು. ಶಿಕಾಗೋದಲ್ಲಿರುವ ‘ಸೂ’ ಎಂಬ ಟಿ. ರೆಕ್ಸ್‌ನ ಬಲಭುಜದಲ್ಲಿ ಪೆಟ್ಟು ಬಿದ್ದು ವಾಸಿಯಾದ ಗುರುತುಗಳಿವೆ. ಸುಮ್ಮನೆ ನೇತಾಡುತ್ತಿದ್ದ ಅಂಗಕ್ಕೆ ಅಂಥ ಏಟು ಬೀಳುವ ಸಂದರ್ಭ ಕಡಿಮೆ, ಆದರೂ ಒಂದೇ ಪ್ರಾಣಿಯ ಗಾಯದಿಂದ ಪೂರ್ತಿ ತೀರ್ಮಾನಕ್ಕೆ ಬರಲಾಗದು.

ಉಳಿದ ವಾದಗಳೂ ಇವೆ. ಸಂಗಾತಿಯನ್ನು ಹಿಡಿದುಕೊಳ್ಳಲು ಅಂದದ್ದು ಆಸ್ಬಾರ್ನ್, 1906ರಲ್ಲೇ. ಮಲಗಿದ್ದ ಪ್ರಾಣಿ ಏಳುವಾಗ ಹಿಂಗಾಲು ತಳ್ಳಿದರೆ ಮೈ ಮುಂದಕ್ಕೆ ಜಾರುತ್ತದೆ, ಆಗ ಕೈ ಊರಿ ತಡೆಯುತ್ತಿತ್ತು ಅಂದದ್ದು 1970ರಲ್ಲಿ ಬಾರ್ನಿ ನ್ಯೂಮನ್. ಕೈಯ ಸಹಾಯವಿಲ್ಲದೆ ಎಮು, ಉಷ್ಟ್ರಪಕ್ಷಿ ಸಲೀಸಾಗಿ ಏಳುವುದನ್ನು ನೋಡಿದರೆ ಇದು ಮುಖ್ಯ ಕೆಲಸ ಅನ್ನಿಸುವುದಿಲ್ಲ. 2017ರಲ್ಲಿ ಸ್ಟೀವನ್ ಸ್ಟಾನ್ಲಿ, ಹತ್ತಿರದಿಂದ ಉಗುರಿನಲ್ಲಿ ಸೀಳುತ್ತಿತ್ತು ಅಂದರು. ಉಗುರು ಸುಮಾರು 10 ಸೆಂ.ಮೀ. ಉದ್ದ ಇರುವುದು ನಿಜ, ಆದರೆ 1 ಮೀಟರ್ ಕೈಯಲ್ಲಿ ಸೀಳಬೇಕಾದರೆ ಎದೆಯನ್ನೇ ಬೇಟೆಗೆ ಒತ್ತಬೇಕು. ಅಷ್ಟು ಹತ್ತಿರ ಹೋದ ಮೇಲೆ ಮೂಳೆ ಪುಡಿಮಾಡುವ ದವಡೆ ಇರುವಾಗ ಉಗುರು ಯಾಕೆ?

ಏನು ಕೆಲಸ ಅನ್ನುವುದು ಒಂದು ಪ್ರಶ್ನೆ, ಯಾಕೆ ಗಿಡ್ಡವಾಯಿತು ಅನ್ನುವುದು ಬೇರೆಯೇ ಪ್ರಶ್ನೆ. ಇವೆರಡನ್ನು ಬೆರೆಸಿದಾಗಲೇ ವಾದ ದಾರಿ ತಪ್ಪುವುದು. ಕೆವಿನ್ ಪೇಡಿಯನ್ 2022ರಲ್ಲಿ ಎತ್ತಿದ್ದು ಎರಡನೆಯದನ್ನು: ಹಲವು ಟಿ. ರೆಕ್ಸ್‌ಗಳು ಒಂದೇ ಹೆಣಕ್ಕೆ ಬಾಯಿ ಹಾಕುವಾಗ ಉದ್ದ ಕೈ ಪಕ್ಕದವನ ಹಲ್ಲಿಗೆ ಸಿಕ್ಕುತ್ತದೆ, ಗಿಡ್ಡ ಕೈ ಉಳಿಯುತ್ತದೆ. ತಲೆ ದೊಡ್ಡದಾದಂತೆ ಬೇಟೆಯ ಕೆಲಸ ಬಾಯಿಗೆ ಹೋಗಿ, ಕೈ ಕುಗ್ಗಿತು ಅನ್ನುವವರೂ ಇದ್ದಾರೆ. ಚೀನಾದ ಗ್ವಾನ್‌ಲಾಂಗ್, ಸುಮಾರು 16 ಕೋಟಿ ವರ್ಷ ಹಿಂದಿನ ಇದೇ ವಂಶದ ಪ್ರಾಣಿ, 3 ಮೀಟರ್ ಉದ್ದದ್ದು. ಅದಕ್ಕೆ ಉದ್ದ ಕೈ, ಮೂರು ಬೆರಳು. ಅರ್ಜೆಂಟೀನಾದ ಮೆರಾಕ್ಸೆಸ್ ಬೇರೆಯೇ ವಂಶದ್ದು; ಅಲ್ಲೂ ತಲೆ ದೊಡ್ಡದು, ಕೈ ಗಿಡ್ಡ.

ನಮಗೆ ಹತ್ತಿರದ ಮೋಟುಗೈ ಇನ್ನೊಂದಿದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು. ಹೀಗೆ ದೂರವಾದ ಎರಡು ನೆಲದಲ್ಲೂ ಅಬೆಲಿಸಾರಿಡ್ ಎಂಬ ಬೇಟೆಗಾರ ಡೈನೋಸಾರ್‌ಗಳಿದ್ದವು: ಅಲ್ಲಿ ಮಜುಂಗಾಸಾರಸ್, ಇಲ್ಲಿ ಗುಜರಾತಿನ ರಹಿಯೋಲಿಯಲ್ಲಿ ಸಿಕ್ಕ, 2003ರಲ್ಲಿ ಹೆಸರಿಟ್ಟ ರಾಜಾಸಾರಸ್. ಈ ಬಳಗದ ಕೈ ಟಿ. ರೆಕ್ಸ್‌ನದಕ್ಕೆ ತದ್ವಿರುದ್ಧ. ತೋಳಿನ ತಲೆ ಗುಂಡಗಿದ್ದು ಭುಜ ಚೆನ್ನಾಗಿ ಆಡುತ್ತಿತ್ತು, ಆದರೆ ಮೊಣಕೈಯಿಂದ ಕೆಳಗೆ ಏನೂ ಇಲ್ಲವೆನ್ನುವಷ್ಟು ಕಡಿಮೆ. ಇವುಗಳ ಅರ್ಜೆಂಟೀನಾದ ನೆಂಟ ಕಾರ್ನೋಟಾರಸ್‌ನಲ್ಲಿ ಮುಂಗೈ ಮೂಳೆ ತೋಳಿನ ಕಾಲು ಭಾಗದಷ್ಟೇ. ಇದರಲ್ಲಿ ಹಿಡಿಯುವ ಕೆಲಸ ಸಾಧ್ಯವಿಲ್ಲ. ರಾಜಾಸಾರಸ್ ಮಾದರಿ ಮಾಡುವವರು ಟಿ. ರೆಕ್ಸ್ ಕೈಯನ್ನೇ ಅಂಟಿಸಬೇಡಿ: ಮುಂಗೈ ತುಂಡು, ಬೆರಳು ನಾಲ್ಕು, ಎಲ್ಲವೂ ಮೊಗ್ಗಿನಷ್ಟೇ.