ಸಸ್ಪೆಂಡ್ ಆದ್ಮೇಲೆ ಇಐ ಯಾಕೆ ಸಿಗ್ಲಿಲ್ಲ

2021ರ ಕೊನೇಲಿ ಇಲ್ಲಿ ಕೆನಡಾದಲ್ಲಿ ನಾನಿದ್ದ ಕಂಪನಿ ಕೋವಿಡ್ ವ್ಯಾಕ್ಸಿನ್ ಕಡ್ಡಾಯ ಮಾಡ್ತು, ನಾನು ಹಾಕಿಸ್ಕೊಳ್ಳಲ್ಲ ಅಂದೆ, ಸಂಬಳ ಇಲ್ದೆ ಸಸ್ಪೆಂಡ್ ಮಾಡಿದ್ರು. ವರ್ಷಗಟ್ಟಲೆ ಸಂಬಳದಲ್ಲಿ ಇಐ (ಎಂಪ್ಲಾಯ್‌ಮೆಂಟ್ ಇನ್ಶೂರೆನ್ಸ್, ಕೆಲಸ ಇಲ್ದಾಗ ದುಡ್ಡು ಕೊಡೋ ಸರ್ಕಾರಿ ವಿಮೆ) ಅಂತ ಕಟ್ ಆಗ್ತಾನೇ ಇತ್ತಲ್ಲ, ಕಷ್ಟಕ್ಕೆ ಸಂಬಳದ 55% ಆದ್ರೂ ಬರುತ್ತೆ ಅಂತ ನಂಬ್ಕೊಂಡು ಅರ್ಜಿ ಹಾಕ್ದೆ.

ಸಂಬಳ ನಿಂತಾಗ ಕಂಪನಿ ಕೊಡೋ ರೆಕಾರ್ಡ್ ಆಫ್ ಎಂಪ್ಲಾಯ್‌ಮೆಂಟ್ ಅನ್ನೋ ಫಾರ್ಮ್ ಹಿಡ್ಕೊಂಡು ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. 16ನೇ ಬ್ಲಾಕ್‌ನಲ್ಲಿ ಕಾರಣದ ಜಾಗದಲ್ಲಿ ಒಂದೇ ಅಕ್ಷರ, ಎಂ. ಅಂದ್ರೆ ಕೆಲಸದಿಂದ ತೆಗೆದಿದ್ದು ಇಲ್ಲಾ ಸಸ್ಪೆಂಡ್ ಮಾಡಿದ್ದು. ಅರ್ಜಿ ರಿಜೆಕ್ಟ್, ಕಾರಣ ಮಿಸ್‌ಕಂಡಕ್ಟ್, ಅಂದ್ರೆ ದುರ್ನಡತೆ. ಆ ಪದ ಓದಿ ತುಂಬಾ ನೋವಾಯ್ತು, ನಾನೇನು ಕದ್ದಿದ್ನಾ?

ಆಮೇಲೆ ಗೊತ್ತಾಗಿದ್ದು, ಇಐ ಕಾನೂನಲ್ಲಿ ಈ ಪದಕ್ಕೆ ಕೆಟ್ಟ ಉದ್ದೇಶ ಇರ್ಲೇಬೇಕು ಅಂತಿಲ್ಲ. ಕಂಪನಿಯ ಪಾಲಿಸಿ ನಿಮಗೆ ಗೊತ್ತಿತ್ತಾ, ಬೇಕಂತ್ಲೇ ಪಾಲಿಸ್ಲಿಲ್ವಾ, ಸಸ್ಪೆಂಡ್ ಆಗಬಹುದು ಅಂತ ಗೊತ್ತಿತ್ತಾ, ಇಷ್ಟೇ ನೋಡೋದು. ಪಾಲಿಸಿ ಸರಿನಾ ತಪ್ಪಾ ಅಂತ ಇಐ ಮೇಲ್ಮನವಿ ಕೇಳೋ ಸೋಶಿಯಲ್ ಸೆಕ್ಯೂರಿಟಿ ಟ್ರಿಬ್ಯುನಲ್ ತೀರ್ಮಾನ ಮಾಡಲ್ಲ, ಫೆಡರಲ್ ಕೋರ್ಟ್ ಕೂಡ ಇದನ್ನೇ ಹೇಳಿದೆ. ನನ್ನ ಮಟ್ಟಿಗೆ ಇದು ಅನ್ಯಾಯನೇ, ಆದ್ರೆ ಕಾನೂನು ಹೀಗಿದೆ.

ಇನ್ನೊಂದು, ಮಿಸ್‌ಕಂಡಕ್ಟ್‌ಗೆ ಸಸ್ಪೆಂಡ್ ಆದ್ರೆ ಇಐ ಕಾನೂನಿನ 31ನೇ ಸೆಕ್ಷನ್ ಇದೆ, ಸಸ್ಪೆನ್ಶನ್ ಮುಗಿಯೋವರೆಗೂ ಇಲ್ಲಾ ಆ ಕೆಲಸ ಹೋಗೋವರೆಗೂ ಇಲ್ಲಾ ಬೇರೆ ಕಡೆ ದುಡಿದು ಬೇಕಾದಷ್ಟು ಗಂಟೆ ಆಗೋವರೆಗೂ ದುಡ್ಡಿಲ್ಲ. ನಿಮ್ಮದೂ ರಿಜೆಕ್ಟ್ ಆಗಿದ್ರೆ ಮರುಪರಿಶೀಲನೆ ಕೇಳೋಕೆ 30 ದಿನ ಮಾತ್ರ, ಎಚ್‌ಆರ್ ಕಳ್ಸಿದ ಮೇಲ್ ಒಂದನ್ನೂ ಡಿಲೀಟ್ ಮಾಡ್ಬೇಡಿ.