ಗೇಮ್ ಸರಾಗವಾಗಿ ಓಡಬೇಕಾದರೆ ಯಾವ ಸೆಟ್ಟಿಂಗ್ ಬದಲಿಸಬೇಕು?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಪಿಸಿ ಕಟ್ಟಿಸಿದವರು, ಕಾಲೇಜಿನ ಹುಡುಗರು, ಮಕ್ಕಳ ಹಟಕ್ಕೆ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಿದ ತಂದೆತಾಯಂದಿರು, ಹೀಗೆ ಪರಿಚಿತರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಇಷ್ಟು ದುಡ್ಡು ಸುರಿದರೂ ಗೇಮ್ ತಡವರಿಸುತ್ತದೆ, ಯಾವ ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ?’ ಕೇಳುವವರು ಬಯಸುವುದು ಇದನ್ನು ಆನ್ ಮಾಡಿ, ಅದನ್ನು ಆಫ್ ಮಾಡಿ ಎಂಬ ಒಂದು ಪಟ್ಟಿಯನ್ನು. ಎಲ್ಲರ ಯಂತ್ರಕ್ಕೂ ಹೊಂದುವ ಅಂಥ ಪಟ್ಟಿಯನ್ನು ಕೊಡಲು ನನಗೆ ಮನಸ್ಸಿಲ್ಲ, ಏಕೆಂದರೆ ಒಂದೇ ಬಗೆಯ ತಡವರಿಕೆಗೆ ನಾಲ್ಕೈದು ಬೇರೆ ಬೇರೆ ಕಾರಣಗಳಿರುತ್ತವೆ ಮತ್ತು ಒಂದು ಕಾರಣಕ್ಕೆ ಮದ್ದಾಗುವ ಸೆಟ್ಟಿಂಗ್ ಇನ್ನೊಂದರಲ್ಲಿ ಏನನ್ನೂ ಮಾಡುವುದಿಲ್ಲ. ಆದ್ದರಿಂದ ತಡೆ ಎಲ್ಲಿದೆ ಎಂಬುದನ್ನು ಮೊದಲು ಅಳೆದು ನೋಡಬೇಕು, ಆಮೇಲೆ ಅಲ್ಲಿಗೆ ಮಾತ್ರ ಕೈ ಹಾಕಬೇಕು.

ಪರದೆಯ ಮೇಲೆ ಸೆಕೆಂಡಿಗೆ 60 ಫ್ರೇಮ್‌ಗಳು, ಅಂದರೆ 60 ಬಿಡಿ ಚಿತ್ರಗಳು, ಮೂಡಬೇಕಾದರೆ ಒಂದೊಂದು ಫ್ರೇಮ್ ಕೂಡ 16.7 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು; 144 ಬೇಕೆಂದರೆ ಸಿಗುವುದು ಸುಮಾರು 7 ಮಿಲಿಸೆಕೆಂಡ್ ಮಾತ್ರ. ಪ್ರೊಸೆಸರ್ ಆಟದ ಲೆಕ್ಕಾಚಾರವನ್ನು ಮುಗಿಸಿ, ಏನೇನು ಬಿಡಿಸಬೇಕೆಂಬ ಆದೇಶವನ್ನು ಗ್ರಾಫಿಕ್ಸ್ ಕಾರ್ಡಿಗೆ ಕಳಿಸುತ್ತದೆ. ಕಾರ್ಡ್ ಅದನ್ನು ಬಿಡಿಸಿ ಪರದೆಗೆ ದಾಟಿಸುತ್ತದೆ. ಇವೆರಡರಲ್ಲಿ ಯಾವುದು ನಿಧಾನವೋ ಅದರ ವೇಗವೇ ಆಟದ ವೇಗ. ಇದನ್ನು ಕಣ್ಣಾರೆ ನೋಡಲು ಎಂಎಸ್ಐ ಆಫ್ಟರ್‌ಬರ್ನರ್‌ನಂಥ ಉಚಿತ ಸಾಫ್ಟ್‌ವೇರ್ ಸಾಕು. ಅದು ಆಟದ ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್‌ಗಳ ಸಂಖ್ಯೆ), ಕಾರ್ಡಿನ ಬಳಕೆ, ಉಷ್ಣತೆ, ಮೆಮೊರಿ ಎಲ್ಲವನ್ನೂ ತೋರಿಸುತ್ತದೆ. ಕಾರ್ಡಿನ ಬಳಕೆ ಶೇ 95ಕ್ಕಿಂತ ಮೇಲೆ ನಿಂತಿದ್ದರೆ ಕಾರ್ಡೇ ಮಿತಿ. ಅದು 60–70ರ ನಡುವೆ ಓಲಾಡುತ್ತಿದ್ದು, ಎಫ್‌ಪಿಎಸ್‌ಗೆ ನೀವೇ ಮಿತಿ ಹಾಕಿಲ್ಲವಾದರೆ, ಪ್ರೊಸೆಸರ್ ಕಡೆಗೆ ತಿರುಗಬೇಕು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ‘ಪ್ರೊಸೆಸರ್ ಬಳಕೆ ಬರೀ ಶೇ 30 ಇದೆ, ಅದು ಹೇಗೆ ಮಿತಿಯಾಗುತ್ತದೆ?’ ಎಂದು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೋರಿಸಿ ವಾದಿಸುತ್ತಾರೆ. ಆರು ಕೋರ್, ಹನ್ನೆರಡು ಥ್ರೆಡ್‌ಗಳ (ಏಕಕಾಲಕ್ಕೆ ಹನ್ನೆರಡು ಕೆಲಸದ ಸಾಲುಗಳನ್ನು ನಡೆಸಬಲ್ಲ) ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ದಣಿದಿದ್ದರೂ ಒಟ್ಟು ಬಳಕೆಯಲ್ಲಿ ಅದು ಕಾಣುವುದು ಶೇ 8ರಷ್ಟೇ. ಹೆಚ್ಚಿನ ಆಟಗಳ ಮುಖ್ಯ ಕೆಲಸ ಒಂದೆರಡು ಥ್ರೆಡ್‌ಗಳ ಮೇಲೆಯೇ ಬೀಳುವುದರಿಂದ ಒಟ್ಟು ಸಂಖ್ಯೆಯನ್ನು ನಂಬಬಾರದು. ಅನುಮಾನವಿದ್ದರೆ ಆಟದ ರೆಸಲ್ಯೂಷನ್ ಅನ್ನು, ಅಂದರೆ ಚಿತ್ರದ ಪಿಕ್ಸೆಲ್ ಸಂಖ್ಯೆಯನ್ನು, 1080ಪಿಯಿಂದ 720ಪಿಗೆ ಇಳಿಸಿ ನೋಡಿ. ಎಫ್‌ಪಿಎಸ್ ಜಿಗಿದರೆ ಕಾರ್ಡ್ ಮಿತಿಯಾಗಿತ್ತು. ಇದ್ದಲ್ಲೇ ಇದ್ದರೆ ಪ್ರೊಸೆಸರ್. ಎರಡು ನಿಮಿಷದ ಈ ಪರೀಕ್ಷೆಯಿಂದ ತಿಳಿಯುವಷ್ಟು ಅರ್ಧ ಗಂಟೆಯ ಯೂಟ್ಯೂಬ್ ವಿಡಿಯೊಗಳಿಂದಲೂ ತಿಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ಈ ಸೂಕ್ಷ್ಮಕ್ಕೆ ಇಳಿಯುವ ಮೊದಲು, ಸೆಟ್ಟಿಂಗ್ ಎನ್ನುವುದಕ್ಕಿಂತ ಅಚಾತುರ್ಯ ಎನ್ನಬಹುದಾದ ಕೆಲವನ್ನು ಪರಿಶೀಲಿಸಬೇಕು. 144 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸಬಲ್ಲ, ಮಾನಿಟರ್ ಕೊಂಡು ತಂದವರಲ್ಲಿ ಎಷ್ಟೋ ಜನ ಅದನ್ನು 60ರಲ್ಲೇ ಬಳಸುತ್ತಿರುತ್ತಾರೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂಬ ದಾರಿಯಲ್ಲಿ ಹೋಗಿ ರಿಫ್ರೆಶ್ ರೇಟ್ ಅನ್ನು ಕೈಯಾರೆ ಬದಲಿಸಬೇಕಾದ ಸಂದರ್ಭ ಆಗಾಗ ಬರುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಮಾನಿಟರ್ ಕೇಬಲ್ಲು ಗ್ರಾಫಿಕ್ಸ್ ಕಾರ್ಡಿನ ಬದಲು ಮದರ್‌ಬೋರ್ಡಿಗೆ ಚುಚ್ಚಿಕೊಂಡಿದ್ದರೆ ದುಬಾರಿ ಕಾರ್ಡಿನ ಪ್ರಯೋಜನ ಸರಿಯಾಗಿ ಸಿಗುವುದಿಲ್ಲ. ಗೇಮಿಂಗ್ ಲ್ಯಾಪ್‌ಟಾಪ್ ಆಗಿದ್ದರೆ ಅದರೊಡನೆ ಬಂದ ದೊಡ್ಡ ಅಡಾಪ್ಟರ್ ಚುಚ್ಚಿಯೇ ಆಡಬೇಕು. ಗ್ರಾಫಿಕ್ಸ್ ಚಿಪ್ಪೊಂದೇ 100 ವ್ಯಾಟ್ ಬೇಡುವ ಯಂತ್ರವನ್ನು ಬ್ಯಾಟರಿಯಾಗಲಿ 65 ವ್ಯಾಟಿನ ಟೈಪ್-ಸಿ ಚಾರ್ಜರ್ ಆಗಲಿ ಪೂರ್ಣ ವೇಗದಲ್ಲಿ ನಡೆಸಲಾರದು. ಪವರ್ ಮೋಡ್ ‘ಬೆಸ್ಟ್ ಪರ್ಫಾರ್ಮೆನ್ಸ್’ನಲ್ಲಿರಲಿ. ಲ್ಯಾಪ್‌ಟಾಪ್‌ನಲ್ಲಿ ಮಕ್ಸ್ ಸ್ವಿಚ್ ಎಂಬ ಸೌಲಭ್ಯವಿದ್ದರೆ ಅದನ್ನೂ ಬಳಸಿಕೊಳ್ಳಿ: ಸಾಮಾನ್ಯವಾಗಿ ಕಾರ್ಡ್ ಬಿಡಿಸಿದ ಚಿತ್ರ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಮೂಲಕ ಹಾದು ಪರದೆಗೆ ಬರುತ್ತದೆ, ಈ ಸ್ವಿಚ್ ಆ ಸುತ್ತುದಾರಿಯನ್ನು ತಪ್ಪಿಸುತ್ತದೆ.

ರ‍್ಯಾಮ್ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳು ಒಂದೇ ಒಂದು ಸ್ಟಿಕ್ ಹೊತ್ತು ಬರುವುದು ವಾಡಿಕೆ. 16 ಜಿಬಿಯ ಒಂದು ಸ್ಟಿಕ್‌ಗಿಂತ 8 ಜಿಬಿಯ ಎರಡು ಸ್ಟಿಕ್‌ಗಳು ಆಟಕ್ಕೆ ಒಳ್ಳೆಯವು: ಎರಡು ಚಾನೆಲ್‌ಗಳು ಒಟ್ಟಿಗೆ ನಡೆದಾಗ ಪ್ರೊಸೆಸರ್‌ಗೆ ಮಾಹಿತಿ ಹರಿಯುವ ಗರಿಷ್ಠ ವೇಗ ದುಪ್ಪಟ್ಟಾಗುತ್ತದೆ. ಡೆಸ್ಕ್‌ಟಾಪ್ ಕಟ್ಟಿಸಿದವರು ಬಯಾಸ್ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಮೆನು) ತೆರೆದು ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಮೆಮೊರಿ ವೇಗದ ಪ್ರೊಫೈಲ್ ಆನ್ ಆಗಿದೆಯೇ ನೋಡಬೇಕು. ಡಬ್ಬದ ಮೇಲೆ 3200 ಎಂದಿರುವ ಡಿಡಿಆರ್4 ರ‍್ಯಾಮ್, ಆ ಪ್ರೊಫೈಲ್ ಆನ್ ಮಾಡುವವರೆಗೆ ಎಷ್ಟೋ ಬೋರ್ಡ್‌ಗಳಲ್ಲಿ 2133ರಲ್ಲೋ 2400ರಲ್ಲೋ ನಡೆಯುತ್ತಿರುತ್ತದೆ. ಹಣ ಕೊಟ್ಟು ಕೊಂಡ ವೇಗವನ್ನು ಬಳಸದೇ ಇಡುವುದರಲ್ಲಿ ಅರ್ಥವಿಲ್ಲ.

ಈಗ ಆಟದೊಳಗಿನ ಮೆನುಗೆ ಬರೋಣ. ಕಾರ್ಡ್ ಮಿತಿಯಾಗಿದ್ದಾಗ ಎಲ್ಲವನ್ನೂ ‘ಲೋ’ಗೆ ಇಳಿಸುವುದು ಅವಸರದ ಕೆಲಸ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕಹಾಕುವುದು), ನೆರಳು, ಪ್ರತಿಬಿಂಬ, ಮಂಜು ಮತ್ತು ಹೊಗೆಯ ಬೆಳಕು, ಆಂಬಿಯಂಟ್ ಆಕ್ಲೂಷನ್ (ಮೂಲೆ, ಸಂದುಗಳ ಮಬ್ಬು ನೆರಳು) ಇವೇ ಸಾಮಾನ್ಯವಾಗಿ ಕಾರ್ಡಿನ ಶಕ್ತಿಯನ್ನು ಹೆಚ್ಚು ತಿನ್ನುವಂಥವು. ಇವನ್ನು ಅಲ್ಟ್ರಾದಿಂದ ಹೈಗೋ ಮೀಡಿಯಮ್‌ಗೋ ತಂದರೆ ಓಡುವ ಆಟದಲ್ಲಿ ಕಣ್ಣಿಗೆ ವ್ಯತ್ಯಾಸ ತಿಳಿಯುವುದೇ ಕಷ್ಟ. ಓರೆಯಾಗಿ ಕಾಣುವ ಮೇಲ್ಮೈಗಳನ್ನು ಸ್ಪಷ್ಟವಾಗಿಸುವ ಅನಿಸೊಟ್ರೋಪಿಕ್ ಫಿಲ್ಟರಿಂಗ್ ಅನ್ನು 16ರಲ್ಲೇ ಬಿಟ್ಟರೂ ಇಂದಿನ ಕಾರ್ಡ್‌ಗಳಿಗೆ ಭಾರವಲ್ಲ. ಟೆಕ್ಸ್‌ಚರ್, ಅಂದರೆ ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳ, ಸ್ವಭಾವ ಬೇರೆ. ಕಾರ್ಡಿನ ಸ್ವಂತ ಮೆಮೊರಿಯಾದ ವಿರ‍್ಯಾಮ್‌ನಲ್ಲಿ ಜಾಗವಿರುವವರೆಗೆ ಟೆಕ್ಸ್‌ಚರ್ ಏರಿಸಿದರೂ ವೇಗ ಅಷ್ಟಾಗಿ ಕುಗ್ಗುವುದಿಲ್ಲ. 4 ಅಥವಾ 6 ಜಿಬಿಯ ಕಾರ್ಡ್ ತುಂಬಿ ತುಳುಕಿದೊಡನೆ ಮಾಹಿತಿ ಸಿಸ್ಟಮ್ ರ‍್ಯಾಮ್‌ನಿಂದ ಓಡಾಡಬೇಕಾಗಿ ಬಂದು ಆಟ ಮುಗ್ಗರಿಸತೊಡಗುತ್ತದೆ. ಆದ್ದರಿಂದ ಟೆಕ್ಸ್‌ಚರ್ ಮಟ್ಟವನ್ನು ವಿರ‍್ಯಾಮ್ ನೋಡಿ ನಿರ್ಧರಿಸಬೇಕು.

ಅಷ್ಟಾದರೂ ಸಾಲದಿದ್ದರೆ ರೆಸಲ್ಯೂಷನ್. 1080ಪಿ ಎಂದರೆ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿ ಸುಮಾರು 36.9 ಲಕ್ಷ, 4ಕೆ ಸುಮಾರು 83 ಲಕ್ಷ. ಕಾರ್ಡಿನ ಶ್ರಮ ಸರಿಸುಮಾರು ಇದರ ಜೊತೆಗೇ ಏರುತ್ತದೆ. ಎನ್ವಿಡಿಯಾ 2018ರಲ್ಲಿ ಡಿಎಲ್‌ಎಸ್‌ಎಸ್ ತಂದದ್ದು, ಎಎಂಡಿ 2021ರಲ್ಲಿ ಎಫ್‌ಎಸ್‌ಆರ್ ತಂದದ್ದು ಕಡಿಮೆ ಪಿಕ್ಸೆಲ್‌ನ ಚಿತ್ರವನ್ನು ಹಿಗ್ಗಿಸಿ ಈ ಭಾರವನ್ನು ಇಳಿಸಲೆಂದೇ. 1440ಪಿ ಪರದೆಯಲ್ಲಿ ಡಿಎಲ್‌ಎಸ್‌ಎಸ್ ‘ಕ್ವಾಲಿಟಿ’ ಆರಿಸಿದರೆ ಕಾರ್ಡ್ ನಿಜವಾಗಿ ಬಿಡಿಸುವುದು 960ಪಿಯ ಚಿತ್ರವನ್ನು. ಉಳಿದದ್ದನ್ನು ಡಿಎಲ್‌ಎಸ್‌ಎಸ್ ಊಹಿಸಿ ತುಂಬುತ್ತದೆ. 1440ಪಿ ಮತ್ತು ಮೇಲಿನ ಪರದೆಗಳಲ್ಲಿ ಇದನ್ನು ಕಣ್ಣುಮುಚ್ಚಿ ಬಳಸಿ ಎನ್ನುತ್ತೇನೆ. 1080ಪಿಯಲ್ಲಿ ಮೂಲಚಿತ್ರ 720ಪಿಗೆ ಇಳಿಯುವುದರಿಂದ ಕೂದಲು, ಬೇಲಿ, ದೂರದ ಎಲೆಗಳು ಕದಡುವುದನ್ನು ಸಹಿಸಬೇಕಾಗುತ್ತದೆ. ಡಿಎಲ್‌ಎಸ್‌ಎಸ್‌ಗೆ ಎನ್ವಿಡಿಯಾದ ಆರ್‌ಟಿಎಕ್ಸ್ ಕಾರ್ಡ್ ಬೇಕೇ ಬೇಕು. ಎಫ್‌ಎಸ್‌ಆರ್‌ನ ಮೊದಲ ಮೂರು ತಲೆಮಾರುಗಳು ಬೇರೆ ಕಂಪನಿಗಳ ಕಾರ್ಡ್‌ಗಳಲ್ಲೂ ನಡೆಯುತ್ತವೆ. ಫ್ರೇಮ್ ಜನರೇಷನ್ ಮಾತ್ರ ಬೇರೆಯೇ ವಿಷಯ. ಅದು ನಡುನಡುವೆ ಕೃತಕ ಫ್ರೇಮ್‌ಗಳನ್ನು ಸೇರಿಸಿ ಸಂಖ್ಯೆಯನ್ನು ಏರಿಸುತ್ತದೆ, ಮೌಸ್‌ಗೆ ಆಟ ಸ್ಪಂದಿಸುವ ವೇಗವನ್ನು ಏರಿಸುವುದಿಲ್ಲ, ತುಸು ತಗ್ಗಿಸುತ್ತದೆ ಕೂಡ. ಮೂಲದಲ್ಲೇ 60ರ ಆಸುಪಾಸು ಬರುತ್ತಿದ್ದರೆ ಬಳಸಿ. 25ನ್ನು 50 ಮಾಡಿಕೊಳ್ಳಲು ಬಳಸಿದರೆ ಕೆಸರಿನಲ್ಲಿ ನಡೆದಂತಿರುತ್ತದೆ.

ಪ್ರೊಸೆಸರ್ ಮಿತಿಯಾಗಿದ್ದರೆ ಮೇಲಿನ ಬಹುಪಾಲು ವ್ಯರ್ಥ. ಜನಸಂದಣಿ, ವಾಹನಗಳ ದಟ್ಟಣೆ, ದೃಷ್ಟಿ ದೂರ, ಫಿಸಿಕ್ಸ್ ಇವನ್ನು ತಗ್ಗಿಸಬೇಕು; ಹಿಂದೆ ತೆರೆದಿಟ್ಟ ಬ್ರೌಸರ್ ಟ್ಯಾಬ್‌ಗಳನ್ನು ಮುಚ್ಚಬೇಕು. ರೇ ಟ್ರೇಸಿಂಗ್ ಪ್ರೊಸೆಸರ್‌ಗೂ ಹೊರೆ ಎಂಬುದು ಹಲವರಿಗೆ ಗೊತ್ತಿಲ್ಲ.

ಸರಾಸರಿ ಎಫ್‌ಪಿಎಸ್ ಚೆನ್ನಾಗಿದ್ದೂ ಆಟ ಆಗಾಗ ಜರ್ಕ್ ಹೊಡೆಯುವುದು ಇನ್ನೊಂದು ದೂರು. ಇಲ್ಲಿ ನೋಡಬೇಕಾದದ್ದು ‘1 ಪರ್ಸೆಂಟ್ ಲೋ’ ಎಂಬ ಅಂಕಿಯನ್ನು, ಅಂದರೆ ಅತಿ ನಿಧಾನದ ಶೇ 1 ಫ್ರೇಮ್‌ಗಳ ವೇಗವನ್ನು. ಸರಾಸರಿ 110 ಇದ್ದು ಇದು 35 ಇದ್ದರೆ, ಸ್ಥಿರವಾದ 70 ಅದಕ್ಕಿಂತ ಎಷ್ಟೋ ಮೇಲು. ಹೊಸ ಆಟ ಅಥವಾ ಹೊಸ ಡ್ರೈವರ್ ಹಾಕಿದ ಮೇಲಿನ ಮೊದಲ ಸುತ್ತಿನ ಜರ್ಕ್‌ಗಳು ಬಹುತೇಕ ಶೇಡರ್ (ಕಾರ್ಡಿಗೆ ಚಿತ್ರ ಬಿಡಿಸುವ ಬಗೆ ಹೇಳುವ ಕಿರು ಪ್ರೋಗ್ರಾಂ) ಕಂಪೈಲ್ ಆಗುವುದರಿಂದ ಬರುತ್ತವೆ. ಆಟ ಆರಂಭದಲ್ಲೇ ‘ಶೇಡರ್ ಸಿದ್ಧವಾಗುತ್ತಿವೆ’ ಎಂದು ತೋರಿಸಿದರೆ ತಾಳ್ಮೆಯಿಂದ ಮುಗಿಯಲು ಬಿಡಬೇಕು. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಆಟವಿದ್ದರೆ ಎಸ್‌ಎಸ್‌ಡಿಗೆ ಸ್ಥಳಾಂತರಿಸಿ. ಮಾನಿಟರ್‌ನಲ್ಲಿ ಪರದೆಯ ರಿಫ್ರೆಶ್ ಅನ್ನು ಫ್ರೇಮ್‌ಗಳ ವೇಗಕ್ಕೆ ಹೊಂದಿಸುವ ಫ್ರೀಸಿಂಕ್ ಅಥವಾ ಜಿ-ಸಿಂಕ್ ಇದ್ದರೆ ಅದನ್ನು ಆನ್ ಮಾಡಿ, ಎಫ್‌ಪಿಎಸ್ ಮಿತಿಯನ್ನು ರಿಫ್ರೆಶ್ ರೇಟ್‌ಗಿಂತ ಎರಡು ಮೂರು ಕಡಿಮೆ, ಅಂದರೆ 144ಕ್ಕೆ 141ರಂತೆ ಇಡುವುದು ನನಗೆ ಒಗ್ಗಿದ ಕ್ರಮ.

ಇನ್ನು ಸೆಕೆ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಕೋಣೆಯ ಉಷ್ಣತೆ 10 ಡಿಗ್ರಿ ಏರಿದರೆ, ಫ್ಯಾನ್ ವೇಗವೂ ಹೊರೆಯೂ ಅಷ್ಟೇ ಇದ್ದಾಗ, ಯಂತ್ರದೊಳಗೂ ಸುಮಾರು ಅಷ್ಟೇ ಏರುತ್ತದೆ. ಲ್ಯಾಪ್‌ಟಾಪ್ ಪ್ರೊಸೆಸರ್ 95ರಿಂದ 100 ಡಿಗ್ರಿ ಮುಟ್ಟಿದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ‘ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಸಿಯುತ್ತದೆ’ ಎಂಬ ದೂರು ಕೇಳಿದರೆ ನಾನು ಮೊದಲು ಅನುಮಾನಿಸುವುದು ಇದನ್ನೇ. ಹಾಸಿಗೆಯ ಮೇಲಿಟ್ಟು ಆಡಬಾರದು, ಹಿಂಭಾಗವನ್ನು ಎತ್ತರಿಸಬೇಕು, ಫ್ಯಾನಿನ ದೂಳು ತೆಗೆಸಬೇಕು, ಹಳೆಯದಾಗಿದ್ದರೆ ಚಿಪ್ಪಿನ ಶಾಖವನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಬೇಕು. ಎಫ್‌ಪಿಎಸ್‌ಗೆ ಮಿತಿ ಹಾಕುವುದೂ ಶಾಖ ತಗ್ಗಿಸುವ ಒಳ್ಳೆಯ ಉಪಾಯ.

ವಿಂಡೋಸ್‌ನೊಳಗಿನ ಸೆಟ್ಟಿಂಗ್‌ಗಳ ಬಗ್ಗೆ ಜನರಿಗಿರುವಷ್ಟು ಕುತೂಹಲ ನನಗಿಲ್ಲ. 2017ರಲ್ಲಿ ಬಂದ ಗೇಮ್ ಮೋಡ್ ಆನ್ ಇರಲಿ. ಆಟದ ನಡುವೆ ಅಪ್‌ಡೇಟ್ ತಲೆಹಾಕದಂತೆ ಅದು ನೋಡಿಕೊಳ್ಳುತ್ತದೆ. ಹಿನ್ನೆಲೆಯಲ್ಲಿ ಆಟವನ್ನು ರೆಕಾರ್ಡ್ ಮಾಡುವ ಸೌಲಭ್ಯ ಬೇಡವಾದರೆ ಆಫ್ ಮಾಡಿ. ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ವ್ಯವಸ್ಥೆಯನ್ನು ಆಡುವಾಗ ಆಫ್ ಮಾಡಬಹುದೆಂದು ಮೈಕ್ರೋಸಾಫ್ಟ್ ತಾನೇ ತಿಳಿಸಿದೆ, ಆಮೇಲೆ ಮತ್ತೆ ಆನ್ ಮಾಡಬೇಕೆಂದೂ ಹೇಳಿದೆ. ಬ್ಯಾಂಕ್ ವ್ಯವಹಾರವೂ ಅದೇ ಯಂತ್ರದಲ್ಲಿ ನಡೆಯುವ ಮನೆಗಳಿಗೆ ನಾನಿದನ್ನು ಶಿಫಾರಸು ಮಾಡುವುದಿಲ್ಲ. ವಿಂಡೋಸ್‌ನ ಒಳಸೆಟ್ಟಿಂಗ್‌ಗಳ ಕಡತವಾದ ರಿಜಿಸ್ಟ್ರಿಯನ್ನು ತಿದ್ದುವ ಫೈಲುಗಳು, ‘ಗೇಮ್ ಬೂಸ್ಟರ್’ಗಳು, ಹತ್ತಾರು ಸರ್ವಿಸ್‌ಗಳನ್ನು ನಿಲ್ಲಿಸುವ ಸ್ಕ್ರಿಪ್ಟ್‌ಗಳು ಇವುಗಳ ಗೊಡವೆಗೇ ಹೋಗಬೇಡಿ. ಆಗುವ ಲಾಭ ಅಳತೆಗೆ ಸಿಗದಷ್ಟು, ಕೆಡುವ ಸಾಧ್ಯತೆ ಮಾತ್ರ ನಿಜ.

ಆನ್‌ಲೈನ್ ಆಟಗಾರರು ಎಫ್‌ಪಿಎಸ್ ಕುಸಿತ ಮತ್ತು ನೆಟ್‌ವರ್ಕ್ ವಿಳಂಬ ಎಂಬ ಎರಡು ಬೇರೆ ತೊಂದರೆಗಳನ್ನು ‘ಲ್ಯಾಗ್’ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ, ಏರಿದ್ದರೆ ಗ್ರಾಫಿಕ್ಸ್ ಇಳಿಸಿ ಫಲವಿಲ್ಲ. ವ್ಯಾಲರಂಟ್ ಆಡುವವರು ಮುಂಬೈ ಸರ್ವರ್ ಆರಿಸಿ, ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿಕೊಳ್ಳಲಿ. ಕೇಬಲ್ ಎಳೆಯಲಾಗದಿದ್ದರೆ 2.4ರ ಬದಲು 5 ಗಿಗಾಹರ್ಟ್ಸ್ ಬ್ಯಾಂಡ್ ಬಳಸಲಿ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೇ ಇಲ್ಲದವರೂ ಇದೇ ಪ್ರಶ್ನೆ ಕೇಳುತ್ತಾರೆ. ಅವರಿಗೆ ಮೊದಲ ಸಲಹೆ ಎರಡನೆಯ ರ‍್ಯಾಮ್ ಸ್ಟಿಕ್: ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲದ ಕಾರಣ ಅದು ಸಿಸ್ಟಮ್ ರ‍್ಯಾಮ್ ಅನ್ನೇ ನೆಚ್ಚಿಕೊಂಡಿರುತ್ತದೆ, ಹೀಗಾಗಿ ಡ್ಯುಯಲ್ ಚಾನೆಲ್‌ನ ಲಾಭ ಅಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ. ಆಮೇಲೆ 720ಪಿ, ನೆರಳು ಲೋ, ಎಫ್‌ಪಿಎಸ್ ಮಿತಿ 60. ಜಿಟಿಎ 5ರಂಥ 2015ರ ಆಸುಪಾಸಿನ ಆಟಗಳನ್ನು ಇಷ್ಟರಲ್ಲೇ ಸಮಾಧಾನವಾಗಿ ಆಡಬಹುದು. ಹೊಸ ಭಾರಿ ಆಟಗಳಿಗೆ ಮಾತ್ರ ಯಾವ ಸೆಟ್ಟಿಂಗ್ ಬದಲಿಸಿದರೂ ಕಾರ್ಡ್ ಕೊಳ್ಳದೆ ದಾರಿಯಿಲ್ಲ.