ಕರುಳು, ಯಕೃತ್ತು ಮತ್ತು ಕೊಳವೆಬಾವಿಯ ಆರ್ಸೆನಿಕ್

ಭಾನುವಾರ, 9 ಫೆಬ್ರವರಿ 2025

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವನ್ನು ಇಂದು ಮತ್ತೆ ಓದಿದೆ. ಅಲ್ಲಿ ತಪಾಸಣೆಗೆ ಒಳಗಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್ ವಿಷದ ಗುರುತುಗಳು ಕಂಡುಬಂದಿದ್ದವು. ಮೈಮೇಲೆ ಕಪ್ಪು ಬಿಳುಪಿನ ಚುಕ್ಕೆಗಳು ಮೂಡುವುದು, ಅಂಗೈ ಅಂಗಾಲುಗಳ ಚರ್ಮ ಒರಟಾಗಿ ಗಂಟುಗಟ್ಟುವುದು ಈ ರೋಗದ ಲಕ್ಷಣ. ಸಮೀಪದ ಮಂಗಳೂರು (ಕಡಲತೀರದ್ದಲ್ಲ, ಇದು ಬೇರೆ) ಹಿಂದೆ ಚಿನ್ನದ ಗಣಿಯಿದ್ದ ಊರು. ಅಲ್ಲಿಯ ಬಂಡೆಗಳಲ್ಲಿ ಚಿನ್ನದ ಜೊತೆಗೆ ಆರ್ಸೆನಿಕ್ ಇರುವ ಖನಿಜವೂ ಸೇರಿಕೊಂಡಿದೆ, ಅದರಿಂದಲೇ ವಿಷ ಕೊಳವೆಬಾವಿಯ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಣ್ಣವೂ ರುಚಿಯೂ ಇಲ್ಲದ ಈ ವಿಷವನ್ನು ಕುಡಿಯುವವರು ತಾವಾಗಿ ಗುರುತಿಸಲಾರರು.

ನೀರಿನಲ್ಲಿ ಕರಗಿರುವ ಆರ್ಸೆನಿಕ್ ಕರುಳಿನಿಂದ ಸುಲಭವಾಗಿ ರಕ್ತಕ್ಕೆ ಸೇರುತ್ತದೆ, ಯಕೃತ್ತು ಅದಕ್ಕೆ ಮೀಥೈಲ್ ಗುಂಪುಗಳನ್ನು (ಇಂಗಾಲ, ಹೈಡ್ರೋಜನ್‌ಗಳ ಪುಟ್ಟ ತುಣುಕುಗಳನ್ನು) ಜೋಡಿಸಿದ ಮೇಲೆ ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತದೆ. ಈ ಕೆಲಸಕ್ಕೆ ಫೋಲೇಟ್ ಎಂಬ ವಿಟಮಿನ್ ಬೇಕಾಗುವುದರಿಂದ ಸೊಪ್ಪು, ಬೇಳೆಕಾಳು ಸಾಕಷ್ಟು ಸಿಗದ ದೇಹಕ್ಕೆ ವಿಷವನ್ನು ಹೊರಹಾಕುವುದೂ ಕಷ್ಟ. ಬಡವರಿಗೆ ಪೆಟ್ಟು ಹೆಚ್ಚು ಬೀಳುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಕರುಳಿನ ಸೂಕ್ಷ್ಮಜೀವಿಗಳ ಪಾಲು ಇತ್ತೀಚೆಗೆ ತಿಳಿದುಬಂದದ್ದು. ಅಮೆರಿಕದ ಮೊಂಟಾನಾ ರಾಜ್ಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ್ಯಂಟಿಬಯೋಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾಗಳನ್ನು ಕುಗ್ಗಿಸಿದ ಇಲಿಗಳ ಮಲದಲ್ಲಿ ಕಡಿಮೆ ಆರ್ಸೆನಿಕ್ ಹೊರಬಂದು, ಅಂಗಾಂಗಗಳಲ್ಲಿ ಹೆಚ್ಚು ಉಳಿದುಕೊಂಡಿತು. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಮನುಷ್ಯರ ಮಲದ ಬ್ಯಾಕ್ಟೀರಿಯಾಗಳನ್ನು ಸೇರಿಸಿದಾಗ ಅವು ವಿಷವನ್ನು ಹೆಚ್ಚು ಕಾಲ ತಾಳಿಕೊಂಡವು.

ಇಂಥ ಫಲಿತಾಂಶವನ್ನೇ ಹಿಡಿದುಕೊಂಡು ‘ಕರುಳು ಶುದ್ಧಿ’ಯ ಪುಡಿ ಮಾರುವವರ ಜಾಹೀರಾತುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಲಿಗಳಲ್ಲಿ ಕಂಡದ್ದು ರಕ್ಷಣೆಯ ಒಂದು ಪದರ ಮಾತ್ರ, ಅದೂ ಪ್ರಯೋಗಾಲಯದ ಮಾತು. ದಿನವೂ ಅದೇ ಬೋರ್‌ವೆಲ್ ನೀರು ಕುಡಿಯುವವರಿಗೆ ಮೊದಲು ಬೇಕಾದದ್ದು ಬೇರೆ ನೀರು, ಆಮೇಲೆ ಸೊಪ್ಪು ಬೇಳೆಯ ಊಟ. ನೀರನ್ನು ಕುದಿಸಿ ಕುಡಿದರೆ ಸಾಕೆಂದು ನಂಬಿರುವವರು ಈಗಲೂ ಇದ್ದಾರೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆರ್ಸೆನಿಕ್ ಮಾತ್ರ ಪಾತ್ರೆಯಲ್ಲೇ ಉಳಿದು, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ.